ಒಂದು ಬೆಳಗಿಗೆ ಒಂದೇ ಪ್ರಶ್ನೆ

ಬೇತಮಂಗಲ
22 ಡಿಸೆಂಬರ್ 2024

ಬಚ್ಚಪ್ಪನವರಿಗೆ,

ರಾಧಳನ್ನು ಕೊಂದದ್ದು ನೀವು.

ಮಗಳು ಅಪ್ಪನಿಗೆ ಬರೆದರೆ ಕ್ಷೇಮ ಕೇಳಿ ಶುರು ಮಾಡಬೇಕಂತೆ. ನಿಮ್ಮ ಕ್ಷೇಮ ನನಗೆ ಬೇಕಿಲ್ಲ. ನಲವತ್ತು ವರ್ಷ ಎಂಜಿನ್ನುಗಳ ಮಧ್ಯೆ ಇದ್ದು ಕಿವಿ ಕಳೆದುಕೊಂಡಿದ್ದೀರಿ, ಫೋನಿನಲ್ಲಿ ಕೂಗಿ ಪ್ರಯೋಜನವಿಲ್ಲ. ಬಂಗಾರಪೇಟೆಯ ಶೆಡ್ಡಿಗೆ ಬಂದು ನಿಮ್ಮ ಮುಖ ನೋಡುವ ಮನಸ್ಸೂ ಇಲ್ಲ. ಅದಕ್ಕೆ ಈ ಕಾಗದ.

ಡಿಸೆಂಬರ್ ಹನ್ನೆರಡು, ಗುರುವಾರ, ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ. ಎದುರು ಮನೆಯ ಮುನಿರಾಜು ಬಂದು ನಮ್ಮ ಬಾಗಿಲು ಬಡಿದ. ಅವನ ಹೆಂಡತಿ ರಾಧಳಿಗೆ ದಿನ ತುಂಬುವ ಮೊದಲೇ ನೋವು ಬಂದು ಮಗು ಮನೆಯಲ್ಲೇ ಹುಟ್ಟಿತ್ತು. ಹೆಣ್ಣು ಮಗು, ಚೆನ್ನಾಗಿತ್ತು. ತಾಯಿಯ ರಕ್ತ ನಿಲ್ಲುತ್ತಿರಲಿಲ್ಲ. ನಮ್ಮ ಬಳಗ ಓಡಿಸುವ ಊರ ಗಾಡಿ ನಮ್ಮ ಅಂಗಳದಲ್ಲೇ ಇತ್ತು. ಕೆರೆಯ ಮಂಜು ಕೂತು ಗಾಜು ಬೆಳ್ಳಗಾಗಿತ್ತು. ನಾನೇ ಕೀಲಿ ತಿರುಗಿಸಿದೆ. ಎಂಜಿನ್ ತಿರುಗಿತು, ಹೊತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದೆ. ಮತ್ತೆ. ಹಿಂದಿನ ಸೀಟಿನಲ್ಲಿ ರಾಧ ಮೊದಮೊದಲು ಅಳುತ್ತಿದ್ದಳು, ಆಮೇಲೆ ಸುಮ್ಮನಾದಳು. ಕೊನೆಗೆ ಮುನಿರಾಜು, ಬಳಗದ ಹುಡುಗ ವೆಂಕಿ ಸೇರಿ ಕೆರೆಕಟ್ಟೆಯ ತನಕ ತಳ್ಳಿದರು. ಕಟ್ಟೆಯ ಇಳಿಜಾರಿನಲ್ಲಿ ಹೊತ್ತಿಕೊಂಡಿತು. ಆಗ ಐದು ಐವತ್ತು. ಕೆಜಿಎಫ್ ದಾರಿಯಲ್ಲಿ ಚಿನ್ನದ ಗಣಿಯ ಸೈನೈಡ್ ದಿಬ್ಬ ಕಾಣುವ ಹೊತ್ತಿಗೆ ಅವಳ ಅತ್ತೆ ಅಂಜಮ್ಮ ನನ್ನ ಭುಜ ಮುಟ್ಟಿ, "ಕೈ ತಣ್ಣಗಾಯ್ತು ಕಣಮ್ಮಿ, ಇನ್ನ ಮೆಲ್ಲಗೇ ಓಡ್ಸು" ಅಂದಳು.

ನವೆಂಬರ್ ಹದಿನೇಳಕ್ಕೆ ಆ ಗಾಡಿ ನಿಮ್ಮ ಶೆಡ್ಡಿಗೆ ಬಂದಿತ್ತು. ಕಾರ್ಬುರೇಟರ್ ತೊಳೆದು "ಆಯ್ತು" ಅಂದಿರಿ. ಏನು ಆಗಿತ್ತು? ವಿಜಯಕುಮಾರ್ ಮೇಷ್ಟ್ರು ತಮ್ಮ ಹಳೆಯ ಬಿಳಿ ಕಾರನ್ನು ನಮ್ಮ ಬಳಗಕ್ಕೆ ಕೊಟ್ಟಾಗಲೇ ನೀವು ನಕ್ಕಿದ್ದಿರಿ. ಬಡವರಿಗೆ ಬಿಟ್ಟಿ ಗಾಡಿ ಓಡಿಸುವವರನ್ನು ಕಂಡರೆ ನಿಮಗೆ ನಗು. ಬಿಟ್ಟಿ ಗಾಡಿಗೆ ಬಿಟ್ಟಿ ಕೆಲಸ ಮಾಡಿ ಕಳಿಸಿದಿರಿ.

ಜನವರಿ ಇಪ್ಪತ್ತಾರಕ್ಕೆ ಅರಳಿಕಟ್ಟೆಯಲ್ಲಿ ಸಭೆ ಇಟ್ಟಿದ್ದೇವೆ. ಬಂದು ಎಲ್ಲರ ಮುಂದೆ ತಪ್ಪು ಒಪ್ಪಿಕೊಳ್ಳಿ. ಇಲ್ಲವಾದರೆ ನಿಮ್ಮ ಹೆಸರು ಅಚ್ಚು ಹಾಕಿಸುತ್ತೇನೆ.

ಶ್ಯಾಮಲ
ಊರ ಗಾಡಿ ಬಳಗದ ಪರವಾಗಿ


ಬಂಗಾರಪೇಟೆ
27 ಡಿಸೆಂಬರ್ 2024

ಶ್ಯಾಮಲಾ,

ಕಾಗದ ಎರಡು ಸಲ ಓದಿದೆ, ಒಂದು ಸಲ ಅಪ್ಪನಾಗಿ, ಇನ್ನೊಂದು ಸಲ ಮೆಕ್ಯಾನಿಕ್ ಆಗಿ. ಅಪ್ಪ ಏನು ಓದಿದ ಅನ್ನುವುದು ನಿನಗೆ ಬೇಡ.

"ಸ್ಟಾರ್ಟ್ ಆಗಲಿಲ್ಲ" ಅನ್ನುವುದು "ಮೈಗೆ ಹುಷಾರಿಲ್ಲ" ಅಂದ ಹಾಗೆ. ಅದರಿಂದ ಏನೂ ತಿಳಿಯುವುದಿಲ್ಲ. ನನ್ನನ್ನು ನೇಣಿಗೆ ಹಾಕುವುದಾದರೆ ಮೊದಲು ಕಾಯಿಲೆ ಏನೆಂದು ಗೊತ್ತುಮಾಡಿಕೋ. ನಾನು ಬಂದು ನೋಡಿದರೆ ನೀನು ನಂಬುವುದಿಲ್ಲ. ನೀನೇ ನೋಡು.

ಒಂದು ಮಾತು ನೆನಪಿಟ್ಟುಕೋ. ಇದು ಚಳಿಯ ಕಾಯಿಲೆ. ಬಿಸಿಲೇರಿದ ಮೇಲೆ ಗಾಡಿ ಏನೂ ಆಗದ ಹಾಗೆ ಎದ್ದು ನಿಲ್ಲುತ್ತದೆ, ನಿನ್ನನ್ನು ಸುಳ್ಳಿ ಮಾಡುತ್ತದೆ. ರಾತ್ರಿಯೆಲ್ಲ ಹೊರಗೆ ಮಲಗಿದ ಗಾಡಿಯನ್ನೇ ಬೆಳಿಗ್ಗೆ ಕೇಳಬೇಕು. ಒಂದು ಸಲ ಹೊತ್ತಿಕೊಂಡಿತೋ, ಅವತ್ತಿನ ಪರೀಕ್ಷೆ ಮುಗಿಯಿತು. ಅದಕ್ಕೇ ಒಂದು ಬೆಳಗಿಗೆ ಒಂದೇ ಪ್ರಶ್ನೆ.

ಮೊದಲ ಪ್ರಶ್ನೆ: ಹತ್ತು ಎಣಿಸುವ ತನಕ ಕೀಲಿ ತಿರುಗಿಸು. ಆಮೇಲೆ ಎಂಜಿನ್ನಿಗೆ ಕಿಡಿ ಕೊಡುವ ಒಂದು ಪ್ಲಗ್ ಬಿಚ್ಚಿ ಮೂಸಿ ನೋಡು. ಒದ್ದೆಯೋ, ಒಣಗಿದೆಯೋ? ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿ ಮುಳುಗಿದೆ. ಒಣಗಿದ್ದರೆ ಸಾಕಷ್ಟು ಬಂದಿಲ್ಲ. ಪ್ಲಗ್ ಬಿಚ್ಚುವುದು ನಿನಗೆ ಬರುತ್ತದೆ. ಒಂಬತ್ತು ವರ್ಷದವಳಿದ್ದಾಗಲೇ ಕಲಿಸಿದ್ದೇನೆ.

ಬಚ್ಚಪ್ಪ


ಬೇತಮಂಗಲ
5 ಜನವರಿ 2025

ಬಚ್ಚಪ್ಪನವರಿಗೆ,

ಪ್ಲಗ್ ಒಣಗಿದೆ. ಮೂರು ಬೆಳಿಗ್ಗೆ ನೋಡಿದೆ, ಮೂರು ದಿನವೂ ಒಣಗಿತ್ತು. ಪೆಟ್ರೋಲಿನ ವಾಸನೆಯೇ ಇಲ್ಲ.

ಅಂದರೆ ಎಂಜಿನ್ನಿಗೆ ಸಾಕಷ್ಟು ಪೆಟ್ರೋಲ್ ಹೋಗುತ್ತಿಲ್ಲ. ಪೆಟ್ರೋಲ್ ಹೋಗುವ ದಾರಿ ಕಾರ್ಬುರೇಟರ್. ಅದಕ್ಕೆ ಕೊನೆಯದಾಗಿ ಕೈ ಹಾಕಿದವರು ನೀವು. ಇನ್ನೇನು ಪ್ರಶ್ನೆ ಉಳಿದಿದೆ?

ಹೆಚ್ಚು ಪೆಟ್ರೋಲ್ ಬಿಡುವ ಚೋಕ್ ಗುಂಡಿ ಎಳೆದಿರಲಿಲ್ಲವೇನೋ ಎಂದು ನೀವು ನುಣುಚಿಕೊಳ್ಳಬಹುದು, ಅದಕ್ಕೆ ಮೊದಲೇ ಹೇಳುತ್ತೇನೆ. ಚೋಕ್ ಮುಟ್ಟಬಾರದು ಎಂಬುದು ಬಳಗದ ನಾಲ್ಕನೇ ನಿಯಮ. ದೀಪಾವಳಿ ಆದ ವಾರ ನಾನೇ ಬರೆದದ್ದು. ಚೋಕ್ ಎಳೆದರೆ ಪೆಟ್ರೋಲ್ ಎರಡು ಪಾಲು ಖರ್ಚಾಗುತ್ತದೆಂದು ಇಂಧನ ಉಳಿತಾಯದ ಕರಪತ್ರದಲ್ಲಿ ಓದಿದ್ದೆ. ನಮ್ಮ ಟ್ಯಾಂಕಿನಲ್ಲಿರುವುದು ಹಾಲು ಮಾರಿ ಬದುಕುವವರು ಹಾಕಿಸಿದ ಪೆಟ್ರೋಲ್. ಆದರೂ ಆ ಬೆಳಿಗ್ಗೆ ನನ್ನ ನಿಯಮ ನಾನೇ ಮುರಿದು ಗುಂಡಿಯನ್ನು ಪೂರ್ತಿ ಎಳೆದಿದ್ದೆ. ಹೊತ್ತಿಕೊಳ್ಳಲಿಲ್ಲ. ಆದ್ದರಿಂದ ಆ ಬಾಗಿಲು ನಿಮಗೆ ಮುಚ್ಚಿದೆ.

ಇದರ ಜೊತೆ ಒಂದು ಕರಪತ್ರ ಇಟ್ಟಿದ್ದೇನೆ, ಇನ್ನೂರು ಹಾಕಿಸಿದ್ದೇವೆ. ನಿನ್ನೆ ಬಂಗಾರಪೇಟೆ ಸ್ಟೇಷನ್ನಿನ ಕಂಬಗಳಿಗೂ ಮಾರಿಕುಪ್ಪಂ ರೈಲಿನ ಡಬ್ಬಿಗಳಿಗೂ ಅಂಟಿಸಿದೆವು. "ಮೆಕ್ಯಾನಿಕ್ ಬಚ್ಚಪ್ಪನ ಕೈಗೆ ರಾಧಳ ರಕ್ತ ಮೆತ್ತಿದೆ" ಎಂಬುದು ತಲೆಬರಹ. ಅಪ್ಪ ಎಂದು ಬಿಟ್ಟರೆ ಬೇರೆಯವರ ಅಪ್ಪಂದಿರನ್ನು ಕೇಳುವ ಹಕ್ಕು ನನಗೆ ಇರುವುದಿಲ್ಲ.

ಶ್ಯಾಮಲ


ಬಂಗಾರಪೇಟೆ
11 ಜನವರಿ 2025

ಶ್ಯಾಮಲಾ,

ನೀನು ಕಳಿಸುವ ಮೊದಲೇ ಕರಪತ್ರ ಕೈಗೆ ಬಂತು. ಟೀ ಅಂಗಡಿ ನಾಗರಾಜ್ ಕಂಬದಿಂದ ಕಿತ್ತು ತಂದು ನನ್ನ ಕಿವಿಯ ಹತ್ತಿರ ಬಾಯಿಟ್ಟು, "ಬಚ್ಚಪ್ಪಣ್ಣೋ, ನಿನ್ ಮಗ್ಳು ನಿನ್ನ ಅಚ್ಚಾಕ್ಸವ್ಳೆ! ಮದುವೆ ಪತ್ರಿಕೆ ಅಂದ್ಕಂಡೆ ಕಣಣ್ಣೋ!" ಎಂದು ಕೂಗಿದ. ಅಲ್ಲಿದ್ದವರೆಲ್ಲ ನಕ್ಕರು. ಆಮೇಲೆ ಓದಿದರು. ಆಮೇಲೆ ನಗಲಿಲ್ಲ.

ಕೆಜಿಎಫ್‌ನಿಂದ ಬರುತ್ತಿದ್ದ ಮೂರು ಆಟೋದವರು ಬಂದು ಗಾಡಿ ಬಿಡಿಸಿಕೊಂಡು ಹೋದರು. ಒಬ್ಬ, "ಅಣ್ಣೇ, ತಪ್ಪು ತಿಳ್ಕೋಬೇಡ, ಮನೇಲಿ ಬಸುರಿ ಅವ್ಳೆ" ಅಂದ. ನಾನು ತಪ್ಪು ತಿಳಿದುಕೊಳ್ಳಲಿಲ್ಲ. ಶೆಡ್ಡಿನ ಯಜಮಾನ ಆದಿನಾರಾಯಣ ಫೆಬ್ರವರಿ ಮುಗಿಯುವಷ್ಟರಲ್ಲಿ ಜಾಗ ಬಿಡಲು ಹೇಳಿದ್ದಾನೆ. ನಿನ್ನ ಅಮ್ಮ ಹೋದ ಮೇಲೆ ಇದೇ ಶೆಡ್ಡಿನಲ್ಲಿ ಮಲಗುತ್ತಿದ್ದೇನೆ ಅನ್ನುವುದು ನಿನಗೆ ಗೊತ್ತು. ಬರೆದದ್ದು ಅದಕ್ಕಲ್ಲ, ನಿನ್ನ ಕರಪತ್ರ ಕೆಲಸ ಮಾಡಿತು ಎಂದು ತಿಳಿಸಲು.

ಎರಡನೇ ಪ್ರಶ್ನೆ: ಬಿಚ್ಚಿದ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ ಎಂಜಿನ್ ಮೈಗೆ ತಾಗಿಸಿ ಹಿಡಿ, ವೆಂಕಿ ಕೀಲಿ ತಿರುಗಿಸಲಿ. ಕಿಡಿ ಗಟ್ಟಿ ನೀಲಿಯೋ, ಬಲವಿಲ್ಲದ ಕೆಂಪೋ?

ಮೂರನೆಯದು ಇನ್ನೊಂದು ಬೆಳಿಗ್ಗೆಗೆ. ಕಾರ್ಬುರೇಟರಿಗೆ ಬರುವ ಪೆಟ್ರೋಲ್ ಪೈಪು ಬಿಚ್ಚಿ ಬಾಟಲಿಗೆ ಹಿಡಿ. ಕೀಲಿ ತಿರುಗಿಸಿದಾಗ ಪಂಪು ಚಿಮ್ಮುತ್ತದೆಯೋ, ತೊಟ್ಟಿಕ್ಕುತ್ತದೆಯೋ? ಎರಡನ್ನೂ ಒಂದೇ ದಿನ ಮಾಡಬೇಡ, ಕಿಡಿಯ ಹತ್ತಿರ ಪೆಟ್ರೋಲ್ ತರಬೇಡ. ಸಿಟ್ಟಿನಲ್ಲಿ ನೀನು ಅದನ್ನೂ ಮಾಡುತ್ತೀಯ.

ಬಚ್ಚಪ್ಪ


ಬೇತಮಂಗಲ
20 ಜನವರಿ 2025

ಬಚ್ಚಪ್ಪನವರಿಗೆ,

ಕಿಡಿ ನೀಲಿ. ಪಂಪು ಚಿಮ್ಮುತ್ತದೆ, ಬಾಟಲಿ ತುಂಬಿತು. ಬ್ಯಾಟರಿ ಸರಿಯಿದೆ. ಬಾಕಿ ಉಳಿದದ್ದು ನೀವು ಮುಟ್ಟಿದ ಕಾರ್ಬುರೇಟರ್ ಒಂದೇ. ಇದನ್ನು ತಿಳಿಯಲು ನನಗೆ ಒಂದು ತಿಂಗಳು ಬೇಕಿರಲಿಲ್ಲ.

ಈ ಒಂದು ತಿಂಗಳು ಇಲ್ಲಿ ಹೇಗೆ ಹೋಯಿತೆಂದು ನಿಮಗೂ ಗೊತ್ತಿರಲಿ. ನಾನು ಕೀಲಿ ತಿರುಗಿಸಿದಾಗ ಗಾಡಿ ಕೆಮ್ಮುವ ಸದ್ದು ಬೀದಿಗೆಲ್ಲ ಕೇಳುತ್ತದೆ. ಎದುರು ಮನೆಯಲ್ಲಿ ಮುನಿರಾಜು ತಲೆಗೆ ಕಂಬಳಿ ಎಳೆದುಕೊಳ್ಳುತ್ತಾನಂತೆ. ಅಂಜಮ್ಮ ಮಾತ್ರ ದಿನವೂ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಸ್ತಿಲಿಗೆ ಬಂದು ನಿಲ್ಲುತ್ತಾಳೆ.

"ಇವತ್ತೂ ಏಳ್ನಿಲ್ವೇನಮ್ಮಿ?"

"ಇಲ್ಲ ಅಂಜಮ್ಮ. ಯಾಕೆ ಅಂತ ನೋಡ್ತಾ ಇದೀನಿ."

"ನೋಡು, ನೋಡು. ಅವತ್ತು ಆಂಬುಲೆನ್ಸ್‌ಗೆ ಫೋನ್ ಮಾಡ್ತೀನಿ ಅಂದ ಮುನಿರಾಜು. ನಾನೇ ಬ್ಯಾಡ ಅಂದೆ. ನೀನೇ ಯೋಳಿದ್ಯಲ್ಲ, ಯಾರ್ನೂ ಬೇಡಬ್ಯಾಡ್ರಿ, ಊರ್ ಗಾಡಿ ಐತೆ ಅಂತ."

ಬೈಯುವ ದನಿಯಲ್ಲಿ ಹೇಳುವುದಿಲ್ಲ. ಹಸುವಿಗೆ ಹುಲ್ಲು ಹಾಕಿದೆಯಾ ಎಂದು ಕೇಳುವ ದನಿಯಲ್ಲಿ ಹೇಳುತ್ತಾಳೆ.

ಭಾನುವಾರ ಇಪ್ಪತ್ತಾರು. ಬನ್ನಿ.

ಶ್ಯಾಮಲ


ಬಂಗಾರಪೇಟೆ
23 ಜನವರಿ 2025

ಶ್ಯಾಮಲಾ,

ಇಪ್ಪತ್ತಾರಕ್ಕೆ ಬರುವುದಿಲ್ಲ. ಇನ್ನೊಂದು ಪ್ರಶ್ನೆ ಬಾಕಿ ಇದೆ.

ಕಾರ್ಬುರೇಟರ್ ಮೇಲಿನ ಗಾಳಿಡಬ್ಬಿಯ ಮುಚ್ಚಳ ಬಿಚ್ಚು. ಒಳಗೆ ಬಾವಿಯ ಬಾಯಿಯ ಹಾಗೆ ಕಾಣುತ್ತದೆ, ಅದರ ಮೇಲೆ ಒಂದು ತಗಡಿನ ಬಿಲ್ಲೆ. ಚೋಕ್ ಅಂದರೆ ಅದೇ. ಗುಂಡಿ ಎಳೆದರೆ ಬಿಲ್ಲೆ ಬಾಯಿ ಮುಚ್ಚಬೇಕು. ಗಾಳಿ ಕಮ್ಮಿಯಾಗಿ ಪೆಟ್ರೋಲ್ ಹೆಚ್ಚು ಹೋಗುತ್ತದೆ. ತಣ್ಣಗಿರುವ ಎಂಜಿನ್ನಿಗೆ ಅದೇ ಮೊದಲ ತುತ್ತು. ಬಿಸಿಯಾದ ಮೇಲೆ ಗುಂಡಿ ಒಳಗೆ ತಳ್ಳಬೇಕು. ನಿನ್ನ ಉಳಿತಾಯದ ಕರಪತ್ರವೂ ಇಷ್ಟೇ ಹೇಳಿರುತ್ತದೆ, ಕೊನೆಯ ತನಕ ಓದಿ ನೋಡು.

ವೆಂಕಿ ಒಳಗೆ ಕೂತು ಗುಂಡಿ ಎಳೆಯಲಿ. ನೀನು ಬಿಲ್ಲೆಯನ್ನು ನೋಡು. ವೆಂಕಿ ನೋಡುವುದಲ್ಲ, ನೀನು ನೋಡಬೇಕು. ಸಭೆಗೆ ಮೊದಲು ನೋಡಿದರೆ ಒಳ್ಳೆಯದು. ಆಮೇಲೆ ನೋಡಿದರೂ ಅದು ಅಲ್ಲೇ ಇರುತ್ತದೆ. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೊರಟುಹೋಗುತ್ತದೆ, ಅಷ್ಟರೊಳಗೆ ನೋಡು.

ಬಚ್ಚಪ್ಪ


ಬೇತಮಂಗಲ
9 ಫೆಬ್ರವರಿ 2025

ಬಚ್ಚಪ್ಪನವರಿಗೆ,

ಸಭೆ ನಡೆಯಿತು. ನಿಮ್ಮ ಕಾಗದ ಹಿಂದಿನ ದಿನವೇ ಬಂದಿತ್ತು. ಓದಿ ಮಡಚಿಟ್ಟು ಸಭೆಗೆ ಹೋದೆ. ನಿಮ್ಮ ಶೆಡ್ಡಿಗೆ ಯಾರೂ ಗಾಡಿ ಬಿಡಬಾರದೆಂದು ಕೈ ಎತ್ತಿಸಿದೆ. ಐವತ್ತಮೂರು ಕೈ. ಅಂಜಮ್ಮ ಎತ್ತಲಿಲ್ಲ, ಮಗು ತೋಳಿನಲ್ಲಿ ಮಲಗಿತ್ತು.

ಮಾರನೆಯ ಬೆಳಿಗ್ಗೆ ಮುಚ್ಚಳ ಬಿಚ್ಚಿದೆ.

ಬಿಲ್ಲೆಯನ್ನು ಕಟ್ಟುತಂತಿಯಿಂದ ತೆರೆದೇ ಕಟ್ಟಿದೆ. ಎಂಟರ ಆಕಾರದ ಸುತ್ತು, ತುದಿ ಒಳಗೆ ಮಡಚಿದೆ. ಹಾಲಿನ ಕ್ಯಾನ್ ಬೈಕಿನ ಮೇಲೆ ತುಳುಕದಿರಲೆಂದು ನಮ್ಮೂರಿನವರು ಮುಚ್ಚಳಕ್ಕೆ ಹಾಕುವ ಸುತ್ತು. ಕೇಬಲ್ಲನ್ನೂ ಸಡಿಲ ಮಾಡಿದೆ. ಗುಂಡಿ ಕೈಗೆ ಬರುತ್ತದೆ, ಬಿಲ್ಲೆ ಅಲ್ಲಾಡುವುದಿಲ್ಲ. ಆ ಬೆಳಿಗ್ಗೆ ನಾನು ಎಳೆದದ್ದು ಬರೀ ಗುಂಡಿ.

ವೆಂಕಿಯನ್ನು ಕೆಳಗಿಳಿಸಿ ಕೇಳಿದೆ. "ನೀನೇ ಯೋಳಿದ್ದಲ್ಲಕ್ಕಾ, ಚೋಕ್ ಯಾರೂ ಮುಟ್ಟಬ್ಯಾಡ್ರಿ ಅಂತ. ಯೋಳಿದ್ರೆ ಯಾರ್ ಕೇಳ್ತಾರೆ? ಮುಟ್ಟುದ್ರೂ ಕೆಲ್ಸ ಮಾಡ್ದಂಗೆ ಕಟ್ಬುಟ್ಟೆ. ಮೀಟಿಂಗ್‌ನಾಗೆ ಆ ನಿಯಮಕ್ಕೆ ಎಲ್ರೂ ಚಪ್ಪಾಳೆ ಒಡುದ್ರಲ್ಲ?" ಅಂದ. ಅವನ ಕೆನ್ನೆಗೆ ಹೊಡೆದೆ. ಹಾಲಿನ ಕ್ಯಾನ್ ಬೈಕಿಗೆ ಏರಿಸಿಕೊಂಡು ಹೋದವನು ಇನ್ನೂ ನಮ್ಮ ಬೀದಿಗೆ ಬಂದಿಲ್ಲ.

ಹದಿಮೂರು ದಿನ ನಿಮಗೆ ಬರೆಯಲಿಲ್ಲ. ತಂತಿಯನ್ನೂ ಬಿಚ್ಚಿಲ್ಲ. ಉಳಿತಾಯದ ಕರಪತ್ರ ತೆಗೆದು ಕೊನೆಯ ತನಕ ಓದಿದೆ. ನೀವು ಹೇಳಿದಂತೆಯೇ ಇದೆ.

ಈಗ ಪ್ರಶ್ನೆ ನನ್ನದು. ಒಂದೇ. ಅಂಜಮ್ಮ ಎದುರಿಗೆ ಬಂದು ನಿಂತಾಗ ಹೇಳಲು ನನಗೆ ಅದರ ಉತ್ತರ ಬೇಕು. ನವೆಂಬರಿನಲ್ಲಿ ಕಾರ್ಬುರೇಟರ್ ತೊಳೆದಾಗ ಆ ತಂತಿ ನಿಮ್ಮ ಕಣ್ಣಿಗೆ ಬಿದ್ದಿತ್ತೇ?

ಶ್ಯಾಮಲ


ಬಂಗಾರಪೇಟೆ
13 ಫೆಬ್ರವರಿ 2025

ಶ್ಯಾಮಲಾ,

ಬಿದ್ದಿತ್ತು.

ಬಿದ್ದದ್ದು ಮಾತ್ರವಲ್ಲ. ತೊಳೆಯಲು ಅಡ್ಡ ಬಂತು, ಬಿಚ್ಚಿದೆ. ತೊಳೆದೆ. ಮತ್ತೆ ಕಟ್ಟಿದೆ. ಇದ್ದ ಹಾಗೆಯೇ, ಎಂಟರ ಸುತ್ತು, ತುದಿ ಒಳಗೆ. ನಾನೂ ಅದೇ ಊರಿನಲ್ಲಿ ಹಾಲು ಹೊತ್ತವನೇ. ನೀನು ನೋಡಿದ ಗಂಟು ವೆಂಕಿಯದಲ್ಲ, ನನ್ನದು. ಅವನಿಗೆ ಸುಮ್ಮನೆ ಹೊಡೆದೆ.

ಅವತ್ತು ನೀನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಬರಲಿಲ್ಲ. ದುಡಿಯುವವರನ್ನು ಸುಲಿದು ಕಟ್ಟಿದ ಶೆಡ್ಡು ಅಂದೆ. ಈ ಶೆಡ್ಡಿನಲ್ಲಿ ದುಡಿಯುವವನು ನಾನೊಬ್ಬನೇ, ಸುಲಿಯಲು ಇನ್ನೊಬ್ಬನಿಲ್ಲ. ತಂತಿ ಕಂಡು ನಾನು ತಲೆ ಎತ್ತಿದೆ, ಹೇಳಬೇಕೆಂದೇ ಎತ್ತಿದೆ. ಅಷ್ಟರಲ್ಲಿ ನೀನು, "ಉಪದೇಶ ಬೇಡ. ಹೇಳಿದ್ದಷ್ಟು ಮಾಡಿ" ಅಂದೆ. ಜೋರಾಗಿ ಅಂದೆ, ನನ್ನ ಕಿವಿಗೂ ಕೇಳಿಸಿತು. ಟೀ ತಂದಿದ್ದ ನಾಗರಾಜನೂ ಕೇಳಿಸಿಕೊಂಡ. ನೀನು ಹೇಳಿದ್ದು ತೊಳೆಯಲು. ತೊಳೆದೆ. ತಂತಿ ಬಿಚ್ಚಲು ಹೇಳಿರಲಿಲ್ಲ.

ಚಳಿ ಬರುತ್ತದೆಂದು ನನಗೆ ಗೊತ್ತಿತ್ತು. ಎರಡು ಬೆಳಿಗ್ಗೆ ಗಾಡಿ ಏಳದಿದ್ದರೆ ಮೂರನೆಯ ದಿನ ಬಸ್ಸು ಹತ್ತಿ ಬರುತ್ತಾಳೆ, ಬಾಗಿಲಲ್ಲಿ ನಿಂತು "ಅಪ್ಪಾ" ಅನ್ನುತ್ತಾಳೆ ಅಂದುಕೊಂಡೆ. ಎರಡು ಬೆಳಗಿನ ಲೆಕ್ಕ ಹಾಕಿದ್ದೆ. ಅದರಲ್ಲಿ ಒಂದು ಬೆಳಿಗ್ಗೆ ಯಾರದ್ದು ಎಂದು ಯೋಚಿಸಲಿಲ್ಲ.

ನಿನ್ನ ಮೊದಲ ಕಾಗದ ಓದಿದಾಗಲೇ ತಂತಿ ನೆನಪಾಯಿತು. ಮೊದಲ ದಿನವೇ ಬರೆಯಬಹುದಿತ್ತು. ಪ್ಲಗ್ಗು, ಕಿಡಿ, ಪಂಪು ಎಂದು ಇಡೀ ಚಳಿಗಾಲ ನಿನ್ನನ್ನು ಸುತ್ತಾಡಿಸಿದೆ. ದಿನವೂ ಬೆಳಿಗ್ಗೆ ನೀನು ಚಳಿಯಲ್ಲಿ ಎದ್ದು ಆ ಸದ್ದು ಕೇಳಲಿ ಎಂದೇ ಸುತ್ತಾಡಿಸಿದೆ. ನಾನು ಅಂಥವನು. ನೀನು ಯಾರ ಹಾಗೆ ಎಂದು ನಿನ್ನ ಅಜ್ಜಿಯನ್ನು ಕೇಳು.

ಒಂದು ಮಾತು. ಕರಪತ್ರವನ್ನು ಹಾಗೇ ಬಿಡು. ಊರು ನಂಬಿಯಾಗಿದೆ. ನನ್ನ ಹತ್ತಿರ ಇನ್ನು ಕಳೆದುಕೊಳ್ಳುವಂಥದ್ದಿಲ್ಲ, ಹೇಗೂ ಶೆಡ್ಡು ಬಿಡುತ್ತಿದ್ದೇನೆ. ನಿನ್ನ ಹೆಸರು ಹೋದರೆ ಊರ ಗಾಡಿ ನಿಲ್ಲುತ್ತದೆ. ಮುಂದಿನ ಬಸುರಿಗೆ ಗಾಡಿ ಬೇಕು, ಸತ್ಯ ಬೇಡ. ತಂತಿ ಬಿಚ್ಚಿ ಕೆರೆಗೆ ಎಸೆದು ಸುಮ್ಮನಿರು. ವೆಂಕಿಯನ್ನು ಕರೆದು ಸಮಾಧಾನ ಮಾಡು, ಅವನ ಮೇಲೆ ಹಾಕಬೇಡ.

ಬಚ್ಚಪ್ಪ


ಬೇತಮಂಗಲ
18 ಫೆಬ್ರವರಿ 2025

ಬಚ್ಚಪ್ಪನವರಿಗೆ,

ನಿಮ್ಮ ಮಾತನ್ನು ಮೂರು ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಮುಂದಿನ ಬಸುರಿಯ ಹೆಸರು ಹಿಡಿದು ಕೇಳಿದಿರಿ. ನಮ್ಮ ಬೀದಿಯ ಜ್ಯೋತಿಲಕ್ಷ್ಮಿಗೆ ಮಾರ್ಚಿನಲ್ಲಿ ದಿನ ತುಂಬುತ್ತದೆ. ಒಪ್ಪಿಕೊಂಡುಬಿಡಬೇಕು ಅನ್ನಿಸಿತು. ಒಂದು ರಾತ್ರಿ ಚೆನ್ನಾಗಿ ನಿದ್ದೆಯೂ ಬಂತು. ಅದಕ್ಕೇ ಆ ಮಾತು ಬೇಡ ಎಂದು ತೀರ್ಮಾನಿಸಿದೆ.

ನಿನ್ನೆ ಬಂಗಾರಪೇಟೆ ಸ್ಟೇಷನ್ನಿಗೆ ಬಂದಿದ್ದೆ. ನಿಮ್ಮ ಶೆಡ್ಡಿನ ಕಡೆ ಬರಲಿಲ್ಲ. ಕಂಬಗಳಿಂದ ಕರಪತ್ರ ಕೀಳಲು ನೋಡಿದೆ. ಮೈದಾ ಅಂಟನ್ನು ಚೆನ್ನಾಗಿ ಕುದಿಸಿ ಮಾಡಿದ್ದೆವು, ಉಗುರು ಹೋಯಿತು, ಕಾಗದ ಬರಲಿಲ್ಲ. ಎಷ್ಟೋ ಕಡೆ ನಿಮ್ಮ ಹೆಸರು ಮಾತ್ರ ಉಳಿದಿದೆ.

ವೆಂಕಿಯ ಮನೆಗೆ ಹೋಗಿ ತಪ್ಪಾಯಿತು ಅಂದೆ. "ನಿಂಗೆ ಒಡಿಯಾಕ್ ಬರಲ್ಲ ಬುಡಕ್ಕಾ, ನಮ್ಮವ್ವ ಒಡುದ್ರೆ ಗೊತ್ತಾಯ್ತದೆ" ಅಂದ. ಗಾಡಿ ಮುಟ್ಟುತ್ತೀಯಾ ಎಂದು ಕೇಳಿದೆ. ಇಲ್ಲ ಅಂದ.

ನೀವು ಗಂಟು ಹಾಕಿದ್ದು "ಅಪ್ಪಾ" ಎಂಬ ಒಂದು ಕೂಗಿಗಾಗಿ. ಆ ಕೂಗು ನಿಮಗೆ ಸಿಗುವುದಿಲ್ಲ. ಈ ಕಾಗದದಲ್ಲಿಯೂ ಇಲ್ಲ, ಮುಂದೆಯೂ ಇಲ್ಲ. ನನ್ನ ಪಾಲಿಗೆ ಏನು ಸಿಗಬಾರದು ಎಂಬುದನ್ನು ಅಂಜಮ್ಮ ಹೇಳುತ್ತಾಳೆ. ಅವಳ ಬಾಯಿಂದಲೇ ಕೇಳಬೇಕೆಂದಿದ್ದೇನೆ.

ಅವಳಿಗೆ ಇಷ್ಟು ಮಾತ್ರ ತಿಳಿಸಿದ್ದೇನೆ: ಗಾಡಿ ಯಾಕೆ ಏಳಲಿಲ್ಲ ಎಂದು ಗೊತ್ತಾಗಿದೆ, ಬಚ್ಚಪ್ಪನೂ ನಾನೂ ಒಟ್ಟಿಗೆ ತೋರಿಸುತ್ತೇವೆ. "ಅದು ಗೊತ್ತಾಗಿ ನಂಗೇನಮ್ಮಿ ಆಗ್ಬೇಕು?" ಅಂದಳು. ಆಮೇಲೆ ಮಗುವಿನ ಬಾಯಿ ಒರೆಸಿ, "ಬರ್ಲಿ ಬುಡು. ಬಂದು ಈ ಮಗೀನ ಮಕ ನೋಡ್ಕಂಡ್ ಓಗ್ಲಿ" ಅಂದಳು.

ಹೀಗೆ ಮಾಡುತ್ತೇವೆ. ಶನಿವಾರ ಸಂಜೆಯಿಂದ ಗಾಡಿ ಮುನಿರಾಜುವಿನ ಅಂಗಳದಲ್ಲಿ ಮಲಗಿರುತ್ತದೆ. ತಂತಿ ನೀವು ಕಟ್ಟಿದ ಹಾಗೆಯೇ ಇದೆ. ಬೆಳಿಗ್ಗೆ ಮುನಿರಾಜು, ಅಂಜಮ್ಮ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ನಾನು ಕೀಲಿ ತಿರುಗಿಸುತ್ತೇನೆ. ಅದು ಕೆಮ್ಮುತ್ತದೆ, ಏಳುವುದಿಲ್ಲ. ಅಂಜಮ್ಮ ಸಾಕು ಅನ್ನುವ ತನಕ ತಿರುಗಿಸುತ್ತೇನೆ. ನಲವತ್ತು ನಿಮಿಷ ಅಂದರೆ ನಲವತ್ತು ನಿಮಿಷ. ಅವಳು ಸಾಕು ಅಂದಾಗ ನೀವು ಇಕ್ಕಳ ತೆಗೆದು ಎಲ್ಲರ ಕಣ್ಣೆದುರು ಗಂಟು ಬಿಚ್ಚಿ ಕೇಬಲ್ ಬಿಗಿ ಮಾಡಿ. ನಾನು ಚೋಕ್ ಎಳೆಯುತ್ತೇನೆ. ಅದು ಒಂದೇ ತಿರುವಿಗೆ ಎದ್ದು ನಿಲ್ಲುತ್ತದೆ. ಆಗ ಇಬ್ಬರೂ ಹೇಳೋಣ. ಮೊದಲು ನಾನು, ನಿಯಮ ನನ್ನದು. ಆಮೇಲೆ ನೀವು.

ಜ್ಯೋತಿಲಕ್ಷ್ಮಿಯ ಮನೆಯಲ್ಲಿ ಆಂಬುಲೆನ್ಸಿನ ನಂಬರನ್ನು ಗೋಡೆಗೆ ಬರೆದು ಬಂದಿದ್ದೇನೆ. ಗಾಡಿಯ ಕೀಲಿ ಆಮೇಲೆ ಯಾರ ಕೈಗೆ ಹೋಗುತ್ತದೋ ಹೋಗಲಿ.

ನಸುಕಿನಲ್ಲಿ ಬಂಗಾರಪೇಟೆಯಿಂದ ಬಸ್ಸಿಲ್ಲ, ಶನಿವಾರ ಸಂಜೆಯೇ ಬರಬೇಕು. ಅಜ್ಜಿ ಅಕ್ಕಯ್ಯಮ್ಮ ನಿಮಗೆ ಜಗುಲಿಯಲ್ಲಿ ಚಾಪೆ ಹಾಕುತ್ತಾಳೆ. "ಎತ್ತ ಮಗ ಅಂತ ಚಾಪೆ ಆಕ್ತೀನಿ, ಅನ್ನ ಕೇಳ್ಬ್ಯಾಡ ಅನ್ನು" ಅಂದಿದ್ದಾಳೆ. ಊಟ ಮಾಡಿಕೊಂಡು ಬನ್ನಿ. ನಿಮ್ಮ ಇಕ್ಕಳ ನೀವೇ ತನ್ನಿ.

ಫೆಬ್ರವರಿ ಇಪ್ಪತ್ಮೂರು, ಭಾನುವಾರ, ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ. ಮುನಿರಾಜುವಿನ ಅಂಗಳ.

ಶ್ಯಾಮಲ